ಬರ ಬರುವ ಮುಂಚೆ ನಾವು ಸರ್ಕಾರದಿಂದ ಏನು ಕೇಳುತ್ತೇವೆ?

2024ರ ಮಾರ್ಚ್ ಮೊದಲ ವಾರ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಒಂದು ಚೀಟಿ ಅಂಟಿಸಿದ್ದರು. ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 8, ಅಷ್ಟೇ ನೀರು. ಎರಡು ಬೋರ್‌ಗಳಲ್ಲಿ ಒಂದು ನಿಂತುಹೋಗಿದೆ. ಇನ್ನೊಂದನ್ನು ಅರ್ಧ ಗಂಟೆ ಓಡಿಸಿದರೆ ಬರೀ ಗಾಳಿ ಬರುತ್ತಿದೆ. ದಯವಿಟ್ಟು ಸಹಕರಿಸಿ.

ನಮ್ಮ ಮನೆ ಇರುವುದು ಬೆಂಗಳೂರಿನ ಹೊರವರ್ತುಲ ರಸ್ತೆಯ ಆಚೆ, 2007ರಲ್ಲಿ ಮಹಾನಗರ ಪಾಲಿಕೆಗೆ, ಅಂದರೆ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಲ್ಲಿ ಒಂದರಲ್ಲಿ. ಕಾವೇರಿ ಪೈಪು ಆಗ ನಮ್ಮ ಗೇಟಿನವರೆಗೂ ಬಂದಿರಲಿಲ್ಲ. ಬೋರ್ ನೀರು, ಟ್ಯಾಂಕರ್ ನೀರು, ಕುಡಿಯೋಕೆ ಕ್ಯಾನ್ ನೀರು. ಇದರಲ್ಲೇ ಹತ್ತು ವರ್ಷ ಕಳೆದಿದ್ದೆವು.

ಆ ವಾರ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಬರೆದರು: "ಟ್ಯಾಂಕರ್‌ಗಳನ್ನೆಲ್ಲ ಸರ್ಕಾರ ವಶಕ್ಕೆ ತಗೋಬೇಕು. ರೇಟ್ ಫಿಕ್ಸ್ ಮಾಡಬೇಕು. ಕೇಳದವರನ್ನು ಒಳಗೆ ಹಾಕಬೇಕು." ಅದಕ್ಕಿಂತ ಒಂದು ವರ್ಷ ಮುಂಚೆ, ಆಸ್ತಿ ತೆರಿಗೆಯ ಮಾತು ಬಂದಾಗ ಅವರೇ ಬರೆದಿದ್ದರು: "ನಮ್ಮ ನೀರು ನಾವೇ ತರಿಸ್ಕೊತೀವಿ, ನಮ್ಮ ಸೆಕ್ಯೂರಿಟಿ ನಾವೇ ಇಟ್ಕೊಂಡಿದ್ದೀವಿ, ಸರ್ಕಾರ ನಮ್ಮ ತಂಟೆಗೆ ಬರದಿದ್ರೆ ಸಾಕು." ಆಗಸ್ಟಿನಲ್ಲಿ ಮಳೆ ಸುರಿಯಿತು. ಆಗ ಅವರದು ಮೂರನೇ ಮಾತು: ಕಾರು ತೊಳೆದರೆ 5000 ರೂಪಾಯಿ ದಂಡ ಹಾಕಿದ್ದು ದಬ್ಬಾಳಿಕೆ ಆಗಿತ್ತು.

ಅವರನ್ನು ಹಳಿಯೋಕೆ ಇದನ್ನು ಹೇಳುತ್ತಿಲ್ಲ. ಮೂರು ಸಲವೂ ನಾನು ಒಪ್ಪಿದ್ದೆ. ಮೂರು ಸಲವೂ ನಮ್ಮ ಅಪಾರ್ಟ್‌ಮೆಂಟಿನ ಬಹಳ ಜನ ಒಪ್ಪಿದ್ದರು. ಒಂದೂವರೆ ವರ್ಷದೊಳಗೆ ಸರ್ಕಾರ ಏನು ಮಾಡಬೇಕು ಅನ್ನುವ ಬಗ್ಗೆ ನಮಗೆ ಮೂರು ಬೇರೆ ಬೇರೆ ಅಭಿಪ್ರಾಯ ಇದ್ದವು. ಮೂರನ್ನೂ ಮನಸಾರೆ ನಂಬಿದ್ದೆವು. ಇದು ಹೇಗೆ ಆಗುತ್ತದೆ ಅನ್ನೋದೇ ಈ ಲೇಖನದ ವಿಷಯ.

ಭೂಕಂಪ ಹೇಳದೇ ಕೇಳದೇ ಬರುತ್ತದೆ. ನೀರಿನ ಬರ ಹಾಗಲ್ಲ. ಮುಂಗಾರು ಕೈಕೊಟ್ಟ ದಿನದಿಂದ ಕೊಳಾಯಿ ಒಣಗುವ ದಿನದವರೆಗೆ ಆರೆಂಟು ತಿಂಗಳು ಸಿಗುತ್ತದೆ. ಆ ಆರೆಂಟು ತಿಂಗಳಲ್ಲಿ ಸರ್ಕಾರ ಏನು ಮಾಡಬಹುದು ಅನ್ನುವುದು, ಜನ ಅದಕ್ಕೆ ಏನು ಮಾಡೋಕೆ ಬಿಡುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಬಂದ ಕಷ್ಟಕ್ಕಿಂತ, ಬರಲಿರುವ ಕಷ್ಟದ ಬಗ್ಗೆ ಜನಾಭಿಪ್ರಾಯ ಹೇಗೆ ಮೂಡುತ್ತದೆ ಅನ್ನುವುದನ್ನು ನಾವು ಜಾಸ್ತಿ ಗಮನಿಸಬೇಕು.

ಬೆಂಗಳೂರಿಗೆ ಮುನ್ಸೂಚನೆಗಳಿಗೇನೂ ಕಡಿಮೆ ಇರಲಿಲ್ಲ. 2018ರ ಜೂನ್‌ನಲ್ಲಿ ನೀತಿ ಆಯೋಗದ ವರದಿ ಬಂತು. ದೆಹಲಿ, ಬೆಂಗಳೂರು, ಚೆನ್ನೈ, ಹೈದರಾಬಾದ್ ಸೇರಿ 21 ನಗರಗಳಲ್ಲಿ 2020ರ ಹೊತ್ತಿಗೆ ಅಂತರ್ಜಲ ಮುಗಿಯುತ್ತದೆ ಎಂದಿತು. ಅದೇ ವರ್ಷ ಬಿಬಿಸಿ, ಕುಡಿಯುವ ನೀರು ಖಾಲಿಯಾಗುವ ಭೀತಿ ಇರುವ ಜಗತ್ತಿನ 11 ನಗರಗಳನ್ನು ಹೆಸರಿಸಿತು. ಅದರಲ್ಲೂ ಬೆಂಗಳೂರು ಇತ್ತು. ಪತ್ರಿಕೆ, ಟಿವಿ, ಫಾರ್ವರ್ಡ್ ಮೆಸೇಜು, ಎಲ್ಲೆಲ್ಲೂ ಅದೇ ಮಾತು.

2020 ಬಂತು. ಕೊರೊನಾ ಬಂತು. ಬೋರ್‌ಗಳಲ್ಲಿ ನೀರು ಮಾತ್ರ ಇತ್ತು. ಬೀದಿಯ ಮಾತು ಏನಾಯಿತು ಗೊತ್ತಲ್ವಾ? "ಇವ್ರು ಸುಮ್ನೆ ಹೆದರಿಸ್ತಾರೆ."

ಎಚ್ಚರಿಕೆಗೆ ಒಂದು ವರ್ಷವನ್ನು ಅಂಟಿಸಿದ ಕೂಡಲೇ ಅದು ಪಂದ್ಯ ಆಗಿಬಿಡುತ್ತದೆ. ವರ್ಷ ದಾಟಿದರೆ ಹೇಳಿದವರು ಸೋತಂತೆ. ನೆಲದೊಳಗಿನ ನೀರು ಕ್ಯಾಲೆಂಡರ್ ನೋಡಿ ಮುಗಿಯುವುದಿಲ್ಲ. ಒಂದು ವರ್ಷ ಇಳಿಯುತ್ತದೆ, ಒಳ್ಳೆ ಮಳೆಯಾದರೆ ಸ್ವಲ್ಪ ಏರುತ್ತದೆ, ಮತ್ತೆ ಇನ್ನಷ್ಟು ಕೆಳಗೆ ಇಳಿಯುತ್ತದೆ. ಆ ಏರಿಳಿತದ ಕಥೆಯನ್ನು ಹೇಳಿದ್ದರೆ ಜನ ಕೇಳುತ್ತಿದ್ದರು ಅಂತ ನನಗನ್ನಿಸುತ್ತದೆ. 'ಇಷ್ಟನೇ ಇಸವಿಗೆ ಖಾಲಿ' ಎಂದಿದ್ದರಿಂದ ಆಗಿದ್ದು ನಷ್ಟವೇ. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದಾಗ ಬೆಂಗಳೂರಿನ ಯಾವ ಬಡಾವಣೆಯಲ್ಲೂ ಸಭೆ ಕರೆದಂತೆ ಕಾಣಲಿಲ್ಲ. ನಮ್ಮಲ್ಲಂತೂ ಕರೆಯಲಿಲ್ಲ. ಬರ ಅಂದರೆ ಹಳ್ಳಿಯದು ಅಂತಲೇ ನಾವು ಅಂದುಕೊಂಡಿದ್ದೆವು.

ನಿಜವಾಗಿ ಎಚ್ಚರ ಆಗಿದ್ದು 2024ರ ಫೆಬ್ರವರಿ ಕೊನೆ, ಮಾರ್ಚ್ ಮೊದಲಿಗೆ. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಒಣಗಿವೆ ಎಂದು ಆಗ ಉಪಮುಖ್ಯಮಂತ್ರಿ ಆಗಿದ್ದ ಡಿ.ಕೆ. ಶಿವಕುಮಾರ್ ಹೇಳಿದರು. ತಮ್ಮ ಮನೆಯ ಬೋರೂ ನಿಂತಿದೆ ಎಂದರು. ಆ ಕೊನೆಯ ಮಾತು ಜನರ ಮನಸ್ಸಿಗೆ ಅಂಕಿಅಂಶಗಳಿಗಿಂತ ಜಾಸ್ತಿ ತಟ್ಟಿತು. 'ಅವರ ಮನೆಯಲ್ಲೂ ಇಲ್ಲವಂತೆ' ಅನ್ನುವ ಮಾತು ನಮ್ಮ ತರಕಾರಿ ಅಂಗಡಿವರೆಗೂ ಬಂದಿತ್ತು.

ಆ ದಿನಗಳಲ್ಲಿ ಎಲ್ಲವೂ ಬೇಗ ಬೇಗ ನಡೆಯಿತು. ಟ್ಯಾಂಕರ್‌ಗಳು ಮಾರ್ಚ್ 7ರೊಳಗೆ ನೋಂದಣಿ ಮಾಡಿಸಬೇಕು, ಇಲ್ಲದಿದ್ದರೆ ವಶಕ್ಕೆ. ಬೆಂಗಳೂರು ನಗರ ಜಿಲ್ಲಾಡಳಿತ ದರ ನಿಗದಿ ಮಾಡಿತು: 5 ಕಿಲೋಮೀಟರ್ ಒಳಗೆ 6000 ಲೀಟರಿಗೆ 600 ರೂಪಾಯಿ, 8000ಕ್ಕೆ 700, 12,000ಕ್ಕೆ 1000. 10 ಕಿಲೋಮೀಟರ್‌ವರೆಗೆ ಆದರೆ 750, 850, 1200. ಜಲಮಂಡಳಿ ಆದೇಶ ಹೊರಡಿಸಿತು: ಕುಡಿಯುವ ನೀರಿನಲ್ಲಿ ಕಾರು ತೊಳೆಯುವಂತಿಲ್ಲ, ಗಿಡಕ್ಕೆ ಹಾಕುವಂತಿಲ್ಲ, ಕಾರಂಜಿ ಓಡಿಸುವಂತಿಲ್ಲ. ತಪ್ಪಿದರೆ 5000 ದಂಡ, ಮತ್ತೆ ತಪ್ಪಿದರೆ ದಿನಕ್ಕೆ 500 ಮೇಲೆ.

ಇಷ್ಟು ದಿನ 'ಮಾರುಕಟ್ಟೆಗೆ ಬಿಡಿ' ಎನ್ನುತ್ತಿದ್ದವರೇ ದರ ನಿಗದಿಗೆ ಚಪ್ಪಾಳೆ ಹೊಡೆದರು. ಹೆದರಿಕೆ ಹತ್ತಿರ ಬಂದಾಗ ಗಟ್ಟಿ ಕೈ ಬೇಕು ಅನ್ನಿಸುವುದು ಮನುಷ್ಯ ಸಹಜ. ಆದರೆ ಆ ದರಪಟ್ಟಿ ಕಾಗದದಲ್ಲಿ ಇದ್ದಷ್ಟು ಬೀದಿಯಲ್ಲಿ ಇರಲಿಲ್ಲ. ಆ ದರಕ್ಕೆ ಬರೋಕೆ ಟ್ಯಾಂಕರ್‌ನವರು ಹಿಂಜರಿದರು. ನಮಗೆ ನೀರು ತರುತ್ತಿದ್ದ ಡ್ರೈವರ್ ಅಣ್ಣ ನೇರವಾಗಿ ಹೇಳಿದರು: "ಮುಂಚೆ ಇಲ್ಲೇ ತುಂಬಿಸ್ಕೊತಿದ್ದೆ ಮೇಡಂ. ಈಗ ಹೊಸಕೋಟೆ ಕಡೆ ಹೋಗ್ಬೇಕು. ಡೀಸೆಲ್ ಕಾಸು ಯಾರ್ ಕೊಡ್ತಾರೆ?" ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅಕ್ಟೋಬರ್‌ನಲ್ಲೇ ಕೂತು ಅವರ ಖರ್ಚು ಲೆಕ್ಕ ಹಾಕಿ ದರ ಗೊತ್ತು ಮಾಡಿದ್ದರೆ ಅದು ಒಪ್ಪಂದ ಆಗುತ್ತಿತ್ತು. ಮಾರ್ಚ್‌ನಲ್ಲಿ ಮಾಡಿದ್ದಕ್ಕೆ ಅದು ಬೆದರಿಕೆ ಆಯಿತು.

ಇಲ್ಲಿ ಒಂದು ವಿಷಯದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬರಲಿರುವ ಸಂಕಟದ ಬಗ್ಗೆ ಅಭಿಪ್ರಾಯ ಪಕ್ಷದ ಮೇಲೆ ಒಡೆಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಬೆಂಗಳೂರಿನಲ್ಲಿ ನಾನು ಕಂಡ ಹಾಗೆ ಅದು ಪೈಪಿನ ಮೇಲೆ ಒಡೆಯಿತು.

ನನ್ನ ಚಿಕ್ಕಮ್ಮನ ಮನೆ ಇರುವುದು ಜಯನಗರದಲ್ಲಿ. ಅಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಬಿಡುವವರ ಮುಖ ಗೊತ್ತು, ಬಿಡುವ ಹೊತ್ತು ಗೊತ್ತು, ಸಂಪು ತುಂಬುತ್ತದೆ. "ನೀರಿಲ್ಲ ನೀರಿಲ್ಲ ಅಂತ ಟಿವಿಯೋರು ಬಡ್ಕೋತಾರೆ, ನಮ್ಗೇನೂ ಆಗಿಲ್ಲಪ್ಪ" ಎಂದರು ಚಿಕ್ಕಮ್ಮ. ಅವರಿಗೆ ಸರ್ಕಾರ ಅಂದರೆ ಎಂದಿನಂತೆ ನಡೆಯುತ್ತಿರುವ ಒಂದು ಪೈಪು. ಅದು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿ ದಾಟಿ, ಮೂರು ಕಡೆ ಪಂಪ್ ಆಗಿ ಮೇಲೆ ಹತ್ತಿ ಬರುವ ನೀರು. ಸರಿಯಾಗಿ ಬರುವ ನೀರಿನ ಹಿಂದೆ ಸರ್ಕಾರ ಕಾಣುವುದಿಲ್ಲ.

ನಮ್ಮಂಥ ಅಪಾರ್ಟ್‌ಮೆಂಟಿನವರಿಗೆ ಸರ್ಕಾರ ಅಂದರೆ ತೆರಿಗೆ ಕೇಳುವವರು. ನೀರನ್ನು ದುಡ್ಡು ಕೊಟ್ಟು ತರಿಸಿಕೊಂಡು ಅಭ್ಯಾಸ. ಭಯ ಬಂದಾಗ ನಾವು ಮಾಡಿದ ಮೊದಲ ಕೆಲಸ, ಇನ್ನೂ ಆಳಕ್ಕೆ ಬೋರ್ ಕೊರೆಸೋಣವೇ ಅಂತ ಚರ್ಚೆ. ಎರಡನೆಯದು, ಇನ್ನೊಬ್ಬ ಟ್ಯಾಂಕರ್‌ನವರ ನಂಬರ್ ಹುಡುಕಿದ್ದು. ಪಕ್ಕದ ಅಪಾರ್ಟ್‌ಮೆಂಟಿನವರೂ ಅದನ್ನೇ ಮಾಡಿದರು. ಹಾಗೆ ಎಲ್ಲರೂ ಮಾಡಿದಾಗ ನೆಲದಡಿಯ ನೀರು ಇನ್ನೂ ಬೇಗ ಮುಗಿಯುತ್ತದೆ ಅನ್ನುವುದು ಗೊತ್ತಿದ್ದೂ ಮಾಡಿದೆವು. ತನ್ನ ದಾರಿ ತಾನು ನೋಡಿಕೊಂಡವರಿಗೆ ಊರಿನ ದಾರಿಯ ಬಗ್ಗೆ ಆಸಕ್ತಿ ಕಡಿಮೆಯಾಗುತ್ತದೆ. ಭಯದ ಸುದ್ದಿ ನಮ್ಮನ್ನು ಹತ್ತಿರ ತರುವ ಬದಲು ಒಬ್ಬೊಬ್ಬರನ್ನೂ ಅವರವರ ಸಂಪಿನ ಕಡೆ ತಿರುಗಿಸಿತು.

ಮೂರನೆಯವರು ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ. ಅವರ ವಠಾರದಲ್ಲಿ ಶುದ್ಧ ನೀರಿನ ಘಟಕವೇ ಆಧಾರ. ಆಗ 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತಿತ್ತು. ಆ ಮಾರ್ಚ್‌ನಲ್ಲಿ ಘಟಕದ ಮುಂದೆ ಸಾಲು ಬೆಳೆಯಿತು. ಒಬ್ಬರಿಗೆ ಒಂದೇ ಕ್ಯಾನ್ ಅನ್ನುವ ನಿಯಮ ಬಂತು. ಅವರು ನನಗೆ ಹೇಳಿದ್ದು ಇಷ್ಟೇ: "ಯಾರಿಗೆ ಹೇಳೋದಕ್ಕಾ? ಮುಂಚೆ ಕಾರ್ಪೊರೇಟರ್ ಮನೆ ಮುಂದೆ ಹೋಗಿ ನಿಂತ್ಕೋತಿದ್ವಿ." ಅದು ನಿಜ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಚುನಾವಣೆ ನಡೆದಿರಲಿಲ್ಲ. ನಗರಕ್ಕೆ ಇಷ್ಟು ದೊಡ್ಡ ಕಷ್ಟ ಬರುತ್ತಿದೆ ಅಂತ ಗೊತ್ತಾದಾಗ ಬಾಗಿಲು ತಟ್ಟೋಕೆ ಒಬ್ಬ ವಾರ್ಡ್ ಪ್ರತಿನಿಧಿಯೂ ಇರಲಿಲ್ಲ. ಜನಾಭಿಪ್ರಾಯ ಮೂಡಿದರೂ ಅದು ಹೋಗಿ ಸೇರಬೇಕಾದ ಜಾಗ ಖಾಲಿ ಇತ್ತು. ಈ ಮಾತು ಆಗಿನ ಟಿವಿ ಚರ್ಚೆಗಳಲ್ಲಿ ಬರಬೇಕಾದಷ್ಟು ಬರಲಿಲ್ಲ.

ಬೇರೆ ಊರು ಇದನ್ನು ಹೇಗೆ ಎದುರಿಸಿತು? ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಆದರೆ ಅದರ ಒಂದು ಭಾಗವನ್ನಷ್ಟೇ ಹೇಳುತ್ತಾರೆ. ಅಲ್ಲಿ 2015ರಿಂದ ಮೂರು ವರ್ಷ ಮಳೆ ಕೈಕೊಟ್ಟಿತು. 2018ರ ಆರಂಭದಲ್ಲಿ ನಗರಾಡಳಿತ 'ಡೇ ಝೀರೋ' ಬರುತ್ತದೆ ಎಂದಿತು. ಏಪ್ರಿಲ್‌ನಲ್ಲಿ ಕೊಳಾಯಿ ಬಂದ್ ಎಂದಿತು. ಫೆಬ್ರವರಿ 1ರಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಮಾತ್ರ. ಜನ ಕೇಳಿದರು. ನಗರದ ನೀರಿನ ಬಳಕೆ ಮೂರು ವರ್ಷದ ಹಿಂದಿನದಕ್ಕಿಂತ ಅರ್ಧಕ್ಕೂ ಕೆಳಗೆ ಇಳಿಯಿತು. ಏಪ್ರಿಲ್ ಹೋಗಿ ಜೂನ್ ಆಯಿತು, ಜೂನ್ ಹೋಗಿ ಮುಂದಿನ ವರ್ಷ ಆಯಿತು, ಅಷ್ಟರಲ್ಲಿ ಮಳೆ ಬಂತು. ಆ ದಿನ ಬರಲೇ ಇಲ್ಲ.

ಹೇಳದೆ ಬಿಡುವ ಭಾಗ ಎರಡು. ಒಂದು, ಅಲ್ಲೂ ಮನೆಗಳ ಬೆಲೆಯ ಮೇಲೆ ಬರ ತೆರಿಗೆ ಹಾಕಲು ನಗರಾಡಳಿತ ಹೊರಟಾಗ ಸಾವಿರಾರು ಜನ ಆಕ್ಷೇಪಣೆ ಬರೆದರು. ತಮ್ಮ ದುಡ್ಡಿನಲ್ಲಿ ಬೋರ್ ಕೊರೆಸಿ, ತೊಟ್ಟಿ ಇಟ್ಟುಕೊಂಡವರು 'ನಾವೇಕೆ ಕೊಡಬೇಕು' ಎಂದರು. ಆ ತೆರಿಗೆ ಬಿದ್ದುಹೋಯಿತು. ಕೇಪ್‌ಟೌನ್ ಆದರೇನು, ಹೊರವರ್ತುಲ ರಸ್ತೆ ಆದರೇನು, ಮಾತು ಒಂದೇ. ಇನ್ನೊಂದು, ಆ ದಿನ ಬರದೇ ಹೋದ ಮೇಲೆ ಅಲ್ಲಿ ಕೆಲವರು ಸರ್ಕಾರ ಸುಮ್ಮನೆ ಹೆದರಿಸಿತು ಎಂದರು. ಜನರೇ ಉಳಿಸಿದ ನೀರಿನಿಂದ ತಪ್ಪಿದ ಅನಾಹುತವನ್ನು, ಆಗದ ಅನಾಹುತ ಎಂದು ಲೆಕ್ಕ ಹಾಕಿದರು.

ಇದು ಬೆಂಗಳೂರಿಗೆ ಹೊಸದಲ್ಲ. 1999ರ ಡಿಸೆಂಬರ್ 31ರ ರಾತ್ರಿ ನೆನಪಿರುವವರು ಇದ್ದಾರೆ. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟ ಹಳೆಯ ಕಂಪ್ಯೂಟರ್ ಪ್ರೋಗ್ರಾಂಗಳು 2000 ಬಂದಾಗ ತಲೆಕೆಡಿಸಿಕೊಳ್ಳುತ್ತವೆ ಅನ್ನುವ ಭಯ ಇತ್ತು. ವರ್ಷಗಟ್ಟಲೆ ಕೂತು ಲಕ್ಷಾಂತರ ಸಾಲುಗಳನ್ನು ತಿದ್ದಿದವರಲ್ಲಿ ನಮ್ಮ ಊರಿನ ಹುಡುಗ ಹುಡುಗಿಯರೂ ಇದ್ದರು. ಬೆಳಗಾಯಿತು. ದೊಡ್ಡದೇನೂ ಆಗಲಿಲ್ಲ. 'ಎಲ್ಲಾ ಬರೀ ಗುಲ್ಲು' ಎಂದರು. ತಿದ್ದಿದವರಿಗೆ ಗೊತ್ತಿತ್ತು, ಯಾಕೆ ಏನೂ ಆಗಲಿಲ್ಲ ಅಂತ.

ಈಗ ರಾಜಕೀಯದ ಕಡೆಯಿಂದ ನೋಡೋಣ. ಆಂಡ್ರ್ಯೂ ಹೀಲಿ ಮತ್ತು ನೀಲ್ ಮಲ್ಹೋತ್ರಾ ಎಂಬ ಇಬ್ಬರು ವಿದ್ವಾಂಸರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಪ್ರಕೃತಿ ವಿಕೋಪಕ್ಕೆ ಸರ್ಕಾರ ಮಾಡಿದ ಖರ್ಚನ್ನೂ ಅಲ್ಲಿ ಬಿದ್ದ ಮತಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅನಾಹುತ ಆದ ಮೇಲೆ ಪರಿಹಾರ ಹಂಚಿದವರಿಗೆ ಜನ ಮತ ಕೊಟ್ಟಿದ್ದರು. ಮುಂಚೆಯೇ ತಯಾರಿಗೆ ಖರ್ಚು ಮಾಡಿದವರಿಗೆ ಅಂಥ ಲಾಭ ಕಾಣಲಿಲ್ಲ. ತಯಾರಿಗೆ ಹಾಕಿದ 1 ಡಾಲರ್ ಮುಂದಿನ ಸುಮಾರು 15 ಡಾಲರ್ ನಷ್ಟ ತಪ್ಪಿಸುತ್ತದೆ ಅನ್ನುವುದೂ ಅವರ ಅಂದಾಜು. ಜನರಿಗೆ ಇಷ್ಟು ಲಾಭ ಇರುವ ಕೆಲಸಕ್ಕೆ ಜನರಿಂದಲೇ ಬೆಲೆ ಇಲ್ಲ.

ನಮ್ಮ ರಾಜಕಾರಣಿಗಳಿಗೆ ಈ ಅಧ್ಯಯನ ಓದುವ ಅಗತ್ಯವೇ ಇಲ್ಲ. ಅವರಿಗೆ ಅನುಭವದಿಂದಲೇ ಗೊತ್ತು. ನೀರಿಲ್ಲದ ಬೀದಿಗೆ ಟ್ಯಾಂಕರ್ ಕಳಿಸಿದರೆ ಅದರ ಮೇಲೆ ಫೋಟೋ ಹಾಕಬಹುದು. ಮಳೆನೀರು ಹರಿಯುವ ರಾಜಕಾಲುವೆಯ ಹೂಳು ತೆಗೆಸಿದರೆ ಅದರ ಮೇಲೆ ಫೋಟೋ ಹಾಕೋಕೆ ಜಾಗವೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ನೀರು ನುಗ್ಗಿ, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಆ ವಾರ ಎಲ್ಲರೂ ಬುಲ್ಡೋಜರ್ ಕೇಳಿದರು. ಮಹದೇವಪುರದಲ್ಲಿ ರಾಜಕಾಲುವೆ ಒತ್ತುವರಿ ತೆರವು ಶುರುವಾಯಿತು. ಕೆಲವು ಗೋಡೆ ಬಿದ್ದವು. ನೀರು ಇಳಿಯಿತು. ಬುಲ್ಡೋಜರ್ ವೇಗವೂ ಇಳಿಯಿತು. ಮುಂದಿನ ಮಳೆ ಬರುತ್ತದೆ ಅನ್ನುವುದು ಆಗಲೂ ಎಲ್ಲರಿಗೂ ಗೊತ್ತಿತ್ತು.

ಕೊರೊನಾದಲ್ಲಿ ಇದೇ ಇನ್ನೂ ಕ್ರೂರವಾಗಿ ಕಂಡಿತು. ಫೆಬ್ರವರಿ ಹೊತ್ತಿಗೆ ಎರಡನೇ ಅಲೆ ಬರಬಹುದು ಎಂದು ರಾಜ್ಯದ ತಾಂತ್ರಿಕ ಸಲಹಾ ಸಮಿತಿ 2020ರ ಕೊನೆಗೇ ಎಚ್ಚರಿಸಿತ್ತು. ಆಗ ಮಾಸ್ಕ್ ಬಿಗಿ ಮಾಡಿ ಎಂದರೆ ಜನಕ್ಕೂ ಬೇಡ, ವ್ಯಾಪಾರದವರಿಗೂ ಬೇಡ. 2021ರ ಏಪ್ರಿಲ್, ಮೇನಲ್ಲಿ ಹಾಸಿಗೆಗೆ, ಆಕ್ಸಿಜನ್‌ಗೆ ಓಡಾಡುವಾಗ 'ಮುಂಚೆಯೇ ಯಾಕೆ ಬಂದ್ ಮಾಡಲಿಲ್ಲ' ಎಂದು ಬೈದೆವು. ಮೂರನೇ ಅಲೆಗೆ ಸರ್ಕಾರ ಮುಂಚೆಯೇ ಎಚ್ಚೆತ್ತು ವಾರಾಂತ್ಯ ಕರ್ಫ್ಯೂ ಹಾಕಿತು. 2022ರ ಜನವರಿ 21ಕ್ಕೆ ಅದನ್ನು ವಾಪಸ್ ಪಡೆಯಬೇಕಾಯಿತು, ಅಷ್ಟು ವಿರೋಧ. ನಿಧಾನವಾದರೂ ತಪ್ಪು, ಬೇಗವಾದರೂ ತಪ್ಪು. ಸರ್ಕಾರದ ಮೇಲೆ ನನಗೆ ಕನಿಕರ ಇಲ್ಲ, ಅಧಿಕಾರ ಕೇಳಿ ಪಡೆದವರು ಅವರು. ಆದರೆ ಇಂಥ ಜಾಗದಲ್ಲಿ ಯಾವ ಸರ್ಕಾರ ಇದ್ದರೂ ಕಡೇ ಗಳಿಗೆಯವರೆಗೆ ಕಾಯುವುದನ್ನೇ ಕಲಿಯುತ್ತದೆ.

ನೂರಿಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಕಥೆ ಇದಕ್ಕೆ ಹೊಂದುತ್ತದೆ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಅದು ರೈಲು ಹಿಡಿದು ದಕ್ಷಿಣಕ್ಕೆ ಇಳಿಯುತ್ತಿದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ದಾಟಿ ಬೆಂಗಳೂರಿಗೆ ಬಂತು. ಅಲ್ಲಿಯವರೆಗೆ ಊರಿಗೆ ಬರುವ ಬೇನೆ ಅಂದರೆ ಮಾರಿಯ ಕೋಪ. ಅದಕ್ಕೆ ಪೂಜೆ, ಹರಕೆ. ಸರ್ಕಾರದ ಕೆಲಸ ಅಂತ ಬಹಳ ಜನ ಅಂದುಕೊಂಡಿರಲಿಲ್ಲ. ಪ್ಲೇಗಮ್ಮನ ಗುಡಿಗಳು ಎದ್ದದ್ದು ಆ ಕಾಲದಲ್ಲೇ. ಅಧಿಕಾರಿಗಳು ಮನೆಯೊಳಗೆ ಬಂದು ನೋಡುವುದು, ರೋಗಿಗಳನ್ನು ಊರಾಚೆಯ ಶೆಡ್‌ಗಳಿಗೆ ಸಾಗಿಸುವುದು ಜನರಿಗೆ ಬಹಳ ನೋವು ಕೊಟ್ಟಿತು. ಆದರೆ ಅದೇ ಭಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತಂದಿತು. ಮಲ್ಲೇಶ್ವರ, ಬಸವನಗುಡಿ ಬೆಳೆದವು. ಅಗಲ ರಸ್ತೆ, ಮನೆಯ ಹಿಂದೆ ಕಸ ಸಾಗಿಸುವ ಓಣಿ, ಗಾಳಿ ಬೆಳಕು. ಇವೆಲ್ಲ ಸರ್ಕಾರ ನೋಡಬೇಕಾದ ಕೆಲಸ ಅನ್ನುವ ಭಾವನೆ ಗಟ್ಟಿಯಾಗಿ ಬೇರು ಬಿಟ್ಟದ್ದು ಆಗಲೇ. ಭಯ ಹೋದ ಮೇಲೂ ಅದು ಉಳಿಯಿತು. ಯಾಕೆಂದರೆ ಭಯ ಇದ್ದಾಗ ಕಟ್ಟಿದ್ದು ಕಲ್ಲು ಗಾರೆಯಲ್ಲಿ ಇತ್ತು, ಬೀದಿಯ ಅಳತೆಯಲ್ಲಿ ಇತ್ತು.

2024ರ ಭಯದಿಂದ ನಮಗೆ ಉಳಿದದ್ದು ಏನು? ಆ ವರ್ಷ ಅಕ್ಟೋಬರ್ 16ರಂದು ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತ ಉದ್ಘಾಟನೆಯಾಯಿತು. ಜಪಾನಿನ ಸಾಲದ ನೆರವಿನಲ್ಲಿ ವರ್ಷಗಳಿಂದ ನಡೆಯುತ್ತಿದ್ದ ಕೆಲಸ ಅದು. ಮುಂಚೆ ನಗರಕ್ಕೆ ಬರುತ್ತಿದ್ದ ದಿನದ 145 ಕೋಟಿ ಲೀಟರ್ ಜೊತೆಗೆ ಇನ್ನೂ 77.5 ಕೋಟಿ ಲೀಟರ್. ಅದೂ ನಮ್ಮ 110 ಹಳ್ಳಿಗಳಿಗಾಗಿ. ಮಾರ್ಚ್‌ನಲ್ಲಿ ಬಂದಿದ್ದರೆ ನಾವು ಆ ಪೈಪಿಗೆ ಹೂವಿನ ಹಾರ ಹಾಕುತ್ತಿದ್ದೆವು. ಅಕ್ಟೋಬರ್‌ನಲ್ಲಿ ಬೋರ್ ತುಂಬಿತ್ತು. ಸಂಪರ್ಕದ ಶುಲ್ಕ ನೋಡಿ ಜನ ಹಿಂದೆ ಸರಿದರು. ಅರ್ಜಿಗಳು ಅಂದುಕೊಂಡಷ್ಟು ಬರಲಿಲ್ಲ. ಕಂತಿನಲ್ಲಿ ಕಟ್ಟಿ ಎಂದು ಜಲಮಂಡಳಿ ಆಮೇಲೆ ಯೋಜನೆ ತರಬೇಕಾಯಿತು. ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲೂ 'ಈ ವರ್ಷ ನೀರಿದೆಯಲ್ಲ, ಮುಂದೆ ನೋಡೋಣ' ಎಂದು ಎದ್ದೆವು. 2025ರ ಫೆಬ್ರವರಿಯಲ್ಲಿ ಕಾರು ತೊಳೆಯುವುದರ ಮೇಲೆ ಮತ್ತೆ ನಿಷೇಧ ಬಂದಾಗಲೇ ಅರ್ಜಿಯ ಫೈಲು ಹೊರಗೆ ಬಂದಿದ್ದು.

ನೀರಿನ ದರದ ಕಥೆಯೂ ಹೀಗೇ. 2014ರಲ್ಲಿ ಏರಿಸಿದ್ದು. ಮತ್ತೆ ಏರಿಸಿದ್ದು 2025ರ ಏಪ್ರಿಲ್‌ನಲ್ಲಿ. ನಡುವಿನ ಹತ್ತು ವರ್ಷ ಕರೆಂಟು ಬಿಲ್ಲು ಏರುತ್ತಲೇ ಇತ್ತು, ಆದರೆ ದರ ಮುಟ್ಟೋಕೆ ಯಾವ ಸರ್ಕಾರಕ್ಕೂ ಧೈರ್ಯ ಬರಲಿಲ್ಲ. ಮಳೆ ನೀರು ಕೊಯ್ಲಿನ ಕಾನೂನು ಬಂದದ್ದು 2009ರಲ್ಲಿ. 60×40 ಅಥವಾ ಅದಕ್ಕಿಂತ ದೊಡ್ಡ ಸೈಟಿನ ಹಳೇ ಮನೆ, 30×40 ಅಥವಾ ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆ, ಎಲ್ಲರೂ ಮಾಡಿಸಬೇಕು. ಮಾಡಿಸದಿದ್ದರೆ ನೀರಿನ ಬಿಲ್ಲಿನ ಮೇಲೆ ದಂಡ. ಎಷ್ಟೋ ಮನೆಯವರು ತಿಂಗಳು ತಿಂಗಳು ದಂಡ ಕಟ್ಟಿಕೊಂಡೇ ಇದ್ದಾರೆ. ಅವರ ಮಟ್ಟಿಗೆ ಅದು ಬಿಲ್ಲಿನ ಇನ್ನೊಂದು ಸಾಲು. ಚೆನ್ನೈನಲ್ಲಿ 2003ರಲ್ಲಿ ಇದೇ ಕೆಲಸವನ್ನು ಬರದ ಹೊತ್ತಿನಲ್ಲಿ, ನಳ್ಳಿ ಕಿತ್ತುಹಾಕುತ್ತೇವೆ ಎಂದು ಹೇಳಿ ಮಾಡಿಸಿದ್ದರು. ಅಲ್ಲಿ ಅದು ಮನೆ ಮನೆಗೆ ತಲುಪಿತು. ಆದರೂ 2019ರ ಜೂನ್ ಹೊತ್ತಿಗೆ ಆ ಊರಿನ ಕೆರೆಗಳು ಬತ್ತಿ, ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು. ಒಮ್ಮೆ ಹೆದರಿ ಮಾಡಿದ್ದನ್ನು ವರ್ಷ ವರ್ಷ ನೋಡಿಕೊಳ್ಳುವವರು ಬೇಕು.

ನೋಡಿಕೊಳ್ಳುವವರು ಅಂದ ಕೂಡಲೇ ನನಗೆ ನಮ್ಮ ತಾತನ ಊರು ನೆನಪಾಗುತ್ತದೆ. ಕೋಲಾರದ ಕಡೆ. ಅಲ್ಲಿ ಕೆರೆಗೆ ಒಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ನೋಡುವುದು ಅವನ ಕೆಲಸ. ಊರಿನ ಯಜಮಾನರ ಗದ್ದೆಯಾದರೂ ಸರದಿ ಮೀರುವಂತಿರಲಿಲ್ಲ. ತೂಬಿನ ಹತ್ತಿರ ಒಂದು ಗುರುತಿನ ಕಲ್ಲು ಇತ್ತು. ನೀರು ಆ ಕಲ್ಲಿನ ಬುಡ ಮುಟ್ಟಿದರೆ ಗದ್ದೆಗೆ ನೀರು ನಿಂತಿತು. ಉಳಿದದ್ದು ದನಕರುಗಳಿಗೆ. ತಾತ ಹೇಳುತ್ತಿದ್ದರು, ಆ ದಿನ ಬೇಸರ ಇರುತ್ತಿತ್ತು, ಜಗಳ ಇರುತ್ತಿರಲಿಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಕೆರೆ ಕೋಡಿ ಬಿದ್ದಾಗಲೇ ಎಲ್ಲರೂ ಸೇರಿ ಒಪ್ಪಿದ್ದರು.

ಆ ಊರಿನಲ್ಲಿ ಎಲ್ಲವೂ ಸರಿ ಇತ್ತು ಅಂತ ನಾನು ಹೇಳುವುದಿಲ್ಲ. ಎಲ್ಲರಿಗೂ ಒಂದೇ ಬಾವಿ ಇರಲಿಲ್ಲ, ಗದ್ದೆ ಇಲ್ಲದವರಿಗೆ ಕೆರೆ ನೀರಿನಲ್ಲಿ ಪಾಲೂ ಇರಲಿಲ್ಲ. ಅದು ಹೋಗಬೇಕಾಗಿದ್ದೇ. ಆದರೆ ಆ ಕಲ್ಲಿನ ಹಿಂದಿನ ಯೋಚನೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಕೇಪ್‌ಟೌನ್‌ನ ಅತಿ ಒಳ್ಳೆಯ ಭಾಗವೂ ಅದೇ: ಡ್ಯಾಮ್‌ಗಳ ನೀರು ಶೇ 13.5ಕ್ಕೆ ಇಳಿದರೆ ಕೊಳಾಯಿ ಬಂದ್, ಸುಮಾರು 200 ಜಾಗಗಳಲ್ಲಿ ಒಬ್ಬರಿಗೆ 25 ಲೀಟರ್ ಹಂಚಿಕೆ. ಆ ಅಂಕಿ ಬಹಿರಂಗ ಇತ್ತು. ಡ್ಯಾಮಿನ ಮಟ್ಟವೂ ಬಹಿರಂಗ ಇತ್ತು. ಅದಕ್ಕೇ 'ಡೇ ಝೀರೋ' ಬರೀ ಬೆದರಿಕೆ ಆಗದೆ ಜನ ದಿನಾ ನೋಡುವ ಲೆಕ್ಕ ಆಯಿತು. ನಮ್ಮ ತಾತನ ಕಲ್ಲು ಮತ್ತು ಆ 13.5 ಒಂದೇ ಕೆಲಸ ಮಾಡುತ್ತವೆ.

ಬೆಂಗಳೂರಿನಲ್ಲಿ ಅಂಥ ಕಲ್ಲು ಎಲ್ಲಿದೆ? 2024ರಲ್ಲಿ ಆದೇಶ ಬಂದದ್ದು ಮಾರ್ಚ್‌ನಲ್ಲಿ, 2025ರಲ್ಲಿ ಫೆಬ್ರವರಿಯಲ್ಲಿ. ಯಾಕೆ ಆ ದಿನ? ಯಾವ ಬೋರಿನ ಮಟ್ಟ ಎಷ್ಟಕ್ಕೆ ಇಳಿದಿತ್ತು? ನನ್ನಂಥ ಸಾಮಾನ್ಯಳಿಗೆ ತಿಳಿಯುವ ಹಾಗೆ ಅದು ಎಲ್ಲೂ ಇರಲಿಲ್ಲ. ಅದಕ್ಕೇ ಮೊದಲ ದಿನ ಸರ್ಕಾರ ನಿದ್ದೆ ಮಾಡುತ್ತಿದೆ ಅನ್ನಿಸುತ್ತದೆ, ಮರುದಿನ ಲಾಠಿ ಹಿಡಿದು ಬಂದಿದೆ ಅನ್ನಿಸುತ್ತದೆ. ಆ ಎರಡರ ನಡುವೆ ನಮ್ಮ ಅಭಿಪ್ರಾಯ ತೂಗಾಡುತ್ತದೆ. ಭಯ ಇಲ್ಲದ ದಿನ ಕೂತು, ವಾರ್ಡಿಗೆ ಒಂದು ಬೋರಿನ ಮಟ್ಟ ಇಷ್ಟು ಅಡಿಗೆ ಇಳಿದರೆ ಕಾರು ತೊಳೆಯುವುದು ನಿಲ್ಲುತ್ತದೆ, ಇಷ್ಟಕ್ಕೆ ಇಳಿದರೆ ಟ್ಯಾಂಕರ್ ದರ ಇಷ್ಟೇ, ಇನ್ನೂ ಇಳಿದರೆ ಹೊಸ ಬೋರ್ ಇಲ್ಲ ಎಂದು ಗೊತ್ತು ಮಾಡಬೇಕು. ಅದನ್ನು ವಾರ್ಡ್ ಕಚೇರಿಯ ಗೋಡೆಯ ಮೇಲೆ ಬರೆಯಬೇಕು. ಪ್ರತಿ ತಿಂಗಳು ಮಟ್ಟ ಬದಲಾದಾಗ ಅಂಕಿಯೂ ಬದಲಾಗಬೇಕು. ಒಪ್ಪುವುದು, ಜಗಳ ಆಡುವುದು ಎಲ್ಲವೂ ಆಗಲೇ ಆಗಲಿ. ಅದಕ್ಕೆ ಬಾಗಿಲು ತಟ್ಟಬಹುದಾದ ಒಬ್ಬ ವಾರ್ಡ್ ಪ್ರತಿನಿಧಿಯೂ ಬೇಕು. ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಷ್ಟನ್ನು ಮಾಡಿದ್ದೇವೆ: ಉಳಿದ ಬೋರಿನ ಮಟ್ಟವನ್ನು ಪ್ರತಿ ತಿಂಗಳ 1ನೇ ತಾರೀಖು ಅಳೆದು ಲಿಫ್ಟ್ ಪಕ್ಕ ಬರೆಯುತ್ತಿದ್ದೇವೆ. ಎಷ್ಟಕ್ಕೆ ಬಂದರೆ ಏನು ನಿಲ್ಲಬೇಕು ಅನ್ನುವ ಬಗ್ಗೆ ಮಾತ್ರ ಇನ್ನೂ ಮಾತುಕತೆ ಮುಗಿದಿಲ್ಲ.

ಕಳೆದ ವರ್ಷ ತಾತನ ಊರಿಗೆ ಹೋಗಿದ್ದೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತಲ್ಲ, ಆ ನೀರು ಈಗ ಆ ಕೆರೆಗೂ ಬಂದಿದೆ. ಬೇಸಿಗೆಯಲ್ಲೂ ತುಂಬಿದೆ. ಶುದ್ಧೀಕರಣ ಇನ್ನೂ ಒಂದು ಹಂತ ಆಗಬೇಕು ಎಂದು ಅಲ್ಲಿನ ರೈತರು ಕೇಳುತ್ತಲೇ ಇದ್ದಾರೆ. ಚಿಕ್ಕಪ್ಪನ ಮಗ ನನ್ನನ್ನು ಏರಿಯ ಮೇಲೆ ಕರೆದುಕೊಂಡು ಹೋದ. ತೂಬು ಕಾಣಿಸಿತು. ಗುರುತಿನ ಕಲ್ಲು ಎಲ್ಲಿ ಎಂದು ಕೇಳಿದೆ.

"ಇಲ್ಲೇ ಎಲ್ಲೋ ನೀರೊಳಗೆ ಇರ್ಬೇಕು ಅಕ್ಕ," ಎಂದ. "ನಾನು ಹುಟ್ಟಿದ ಮೇಲೆ ಯಾರೂ ಅದನ್ನ ಕೇಳಿಲ್ಲ."